ಪಾಳಿ

ಖಡೇಬಜಾರದಾಗ ನನ್ನ ಅಂಗಡಿ, ಅಗಲ ಐದು ಫೂಟು.
ಮಿಕ್ಸರು, ಟಾರ್ಚು, ಹೊಟ್ಟಿ ಬಿಚ್ಚಿದ ರಿಮೋಟುಗಳ ನಡುವ
ಈ ಆಟದ ಡಬ್ಬಿ ತಂದಿಟ್ಟಾಂವ
ಕ್ಯಾಂಪಿನ ಹುಡುಗ, ದತ್ತಾರಾಮ. ವೆಂಗುರ್ಲೆ ಕಡಿಯಾಂವ.
ತಲಿ ಹೊಸದಾಗಿ ಬೋಳಿಸಿದ್ದು, ಕಿವಿ ಎರಡೂ ಹೊರಗ.
ಅರ್ಧ ಮರಾಠಿ ಅರ್ಧ ಹಿಂದಿಯೊಳಗ ಅಂದ:
ಕಾಕಾ, ಬಟನ್ ಒಮ್ಮೆ ಒತ್ತಿದ್ರ ಎರಡು ಸಲ ಬೀಳತೈತಿ,
ಒಂದು ಹೆಜ್ಜಿ ಇಡೂ ಟ್ಯಾಂಕು ಎರಡು ಇಟ್ಟು ಸಾಯತೈತಿ.
ಶನಿವಾರ ಬರ್ತೀನಿ ಅಂದ.
ಯಾವ ಶನಿವಾರ ಅನ್ನಲಿಲ್ಲ.

ಸ್ಪಿರಿಟ್ ಹಚ್ಚಿ ಒರಿಸಿ, ರಬ್ಬರ್ ಬದಲಿಸಿ,
ನೋಡೂಣಂತ ಚಾಲೂ ಮಾಡಿದರ
ಹದಿನಾಲ್ಕನೇ ದಿನ ಅಂತ ಬಂತು.
ಅಂಗೈಯಷ್ಟು ದೇಶ. ಮಡಿ ಮಾಡಿದಂಗ ಚೌಕ ಚೌಕ
ಗುಡ್ಡ, ಅಡವಿ, ಒಂದು ಹೊಳಿ, ಎರಡು ಸೇತುವಿ.
ನೀಲಿ ನಮ್ಮವು. ಕೆಂಪು ಅವರವು.
ಪಾಳಿ ನಂದು.

ನಾ ಒತ್ತಲಿಲ್ಲಂದ್ರ ಯಾರೂ ಅಲುಗೂದಿಲ್ಲ.
ಗಿರಾಕಿ ಬಂದ್ರ ಕೆಂಪು ತೋಪು ಕಾಯತೈತಿ,
ಕರೆಂಟ್ ಹೋದ್ರ ಕಾಯತೈತಿ,
ರೊಟ್ಟಿ ಡಬ್ಬಿ ಬಿಚ್ಚಿದ್ರ, ಬಾಯಿ ತಕ್ಕೊಂಡ, ಕಾಯತೈತಿ.
ಇಷ್ಟು ಮರ್ಯಾದಿಯ ವೈರಿ
ಬೆಳಗಾವ್ಯಾಗ ನನಗ ಯಾವತ್ತೂ ಸಿಕ್ಕಿರಲಿಲ್ಲ.

ನಮ್ಮನ್ಯಾಗ ನೀರು ಸೋಸಿ ಕುಡಿಯೂ ಮಂದಿ.
ಅರಿವಿಗೆ ಅಂಟಿದ, ಕಣ್ಣಿಗೆ ಕಾಣದ ಜೀವಗೋಳ್ನ
ಅವ್ವ ತಿರುಗಿ ಬಾವಿಗೇ ಬಿಡತಿದ್ಲು,
ಮಲಗಿದ ಕೂಸಿನ್ನ ಕೆಳಗಿಟ್ಟಂಗ.
ಅದಕ್ಕ ಒಂದು ಹಟ ಹಿಡಿದೆ:
ಒಂದೂ ಗುಂಡು ಹಾರಿಸದ ಗೆಲ್ಲಬೇಕು.
ಟ್ಯಾಂಕು ಒಯ್ದು ಸೇತುವಿ ಮ್ಯಾಲ ಅಡ್ಡ ಹಚ್ಚಿದೆ,
ಸಂತಿ ದಿನ ನಡುರಸ್ತೆದಾಗ ನಿಂತ ಟಂಟಂ ಹಂಗ.
ಕಾಲಾಳುಗೋಳ್ನ ಅಡವಿಯೊಳಗ ಹಾಯಿಸಿ
ದಿನಕ್ಕ ಎರಡು ಚೌಕ, ದಿನಕ್ಕ ಎರಡು ಚೌಕ,
ವೈರಿ ಠಾಣೆದ ಕಡಿ.
"ಧರಣೇಂದ್ರಣ್ಣ, ಇವತ್ತ ಎಷ್ಟನೇದು?"
ಎದುರಿನ ಚಪ್ಪಲಿ ಅಂಗಡಿ ಮಕಬೂಲ, ಎರಡು ಕಪ್ಪು ಚಾ ಹಿಡಿದು.
ಹದಿನೇಳು ಅಂತೀನಿ.

ಅಂವ ಹೊಡೀತಾನ. ನಾ ಹೊಡ್ಯಾಂಗಿಲ್ಲ.
ಹತ್ತು ಇದ್ದದ್ದು ಏಳಾತು, ಏಳು ಇದ್ದದ್ದು ಮೂರು.
ಸಿಪಾಯಿ ಕಾಲಬುಡಕ ಬರೆದ ಅಂಕಿ ಅದು, ಮಂದಿ ಅಲ್ಲ,
ಅಂತ ನನಗ ನಾನ ಹೇಳಿಕೊಂಡು
ಅವನ್ನ ಹಿಂದಕ್ಕ, ಒಂದು ಊರಾಗ ತಂದು ನಿಲ್ಲಿಸೂದರಾಗ
ಹೊರಗ ಹೊತ್ತು ಮುಳುಗಿತ್ತು.
ಮುಳುಗಿದ ಮ್ಯಾಲ ಉಣ್ಣಾಂಗಿಲ್ಲ.
ಅವತ್ತ ಮೂರರ ಸಲುವಾಗಿ ಉಪಾಸ.

ಇಪ್ಪತ್ತೆರಡನೇ ದಿನ ಕೆಂಪು ವಿಮಾನ
ಎಣ್ಣಿ ತೀರಿ ತಾನ ಬಿತ್ತು.
ನಾ ಮುಟ್ಟಿರಲಿಲ್ಲ. ಅದು ಇಳಿಯೂ ಜಾಗಾದ ಮ್ಯಾಲ
ನನ್ನ ಹುಡುಗ ನಿಂತಿದ್ದ, ಅಷ್ಟ.
ಒಂದೀಟು ಹೊಗಿ. ಚೌಕ ಖಾಲಿ.
ಚಾ ಗಂಟಲಾಗ ಇಳೀಲಿಲ್ಲ.
ಅವತ್ತಿಂದ ಪಾಳಿ ಮುಗಿಸೂ ಬಟನ್ ಒತ್ತಲಿಲ್ಲ.

ಆದ್ರೂ ವಾರಕ್ಕೊಮ್ಮೆ ಚಾರ್ಜಿಗೆ ಹಚ್ಚಿದೆ.
ಮುಂಜಾನೆ ಬಿಳಿ ಬನಿಯನ್ನಿನ ಹುಡುಗರು ಸಾಲಾಗಿ ಓಡಿ ಹೋಗೂವಾಗ
ಹಾಲಿಗೆ ನಿಂತಾಂವ ಕಿವಿ ನೋಡತಿದ್ದೆ.
ಎಲ್ಲರವೂ ಹೊರಗ.

ದೀಪಾವಳಿ ಮುಗಿದು ಎಷ್ಟೋ ದಿನಕ್ಕ ಬಂದ.
ತುಟಿ ಒಡೆದು, ಮೂಗಿನ ತುದಿ ಸುಲಿದು.
ಎಲ್ಲಿದ್ದಿಪಾ ಅಂದ್ರ ಮ್ಯಾಲ ಕೈ ಮಾಡಿದ.
ಎಷ್ಟಾತು ಕಾಕಾ?
ಎಂಬತ್ತು.
ನಿಂತಲ್ಲೇ ಚಾಲೂ ಮಾಡಿ ನಕ್ಕ:
ಅರೇ, ಗುಂಡೆಲ್ಲ ತುಂಬೇ ಅದಾವಲ್ಲ!
ಬಟನ್ ತಪಾಸ ಮಾಡಿದ್ನಿ, ಅಂದೆ.
ಹೆಬ್ಬೆರಳು ಒಮ್ಮೆ ಒತ್ತಿತು, ಒಂದ ಸಲ ಬಿತ್ತು, ಚೊಕ್ಕ.
ಸೇತುವಿ ಮ್ಯಾಲ ಬೆಂಕಿ.
ಮಸ್ತ್ ಆಗೈತಿ ಅಂದ.
ನೂರರ ನೋಟು. ಇಪ್ಪತ್ತು ತಿರುಗಿ ಕೊಟ್ಟೆ.
ಕೆಂಪಿನ ಪಾಳಿ ಬರೂದರಾಗ ಡಬ್ಬಿ ಕಿಸೇಕ ಇಳಿಸಿ,
ಗಾಡಿ ತಪ್ಪತೈತಿ ಅಂತ ಓಡಿದ.

ಮಕಬೂಲ ಚಾ ತಂದ.
ಎಷ್ಟನೇದು ಅಂತ ಕೇಳಲಿಲ್ಲ.