ಅಬೋಲಿ

ಪೆಟ್ಟಿಗೆಯ ಅಡಿಗೊಂದು ಸಲಿಕೆ ಐಸು, ನಡುವೆ ಎರಡು,
ಮೇಲೆ ಕೈಬಿಟ್ಟು ಒಂದು.
ಬೈತಖೋಲದ ಐಸ್ ಪ್ಲ್ಯಾಂಟಿನಲ್ಲಿ ಹತ್ತೊಂಬತ್ತು ವರ್ಷ
ನನಗೆ ತಿಳಿದಿದ್ದ ಮೀನಿನ ಶಾಸ್ತ್ರ ಇಷ್ಟೇ:
ಸತ್ತದ್ದು ಕೆಡಬಾರದು.

ಬದುಕಿದ ಮೀನು ಮನೆಗೆ ಬಂದದ್ದು ಪೂರ್ವಾಳ ಹಟಕ್ಕೆ.
ಮಡಗಾಂವದಿಂದ ರೈಲಿನಲ್ಲಿ
ಉಬ್ಬಿದ ಪ್ಲಾಸ್ಟಿಕ್ ಕೊಟ್ಟೆ ತೊಡೆಯ ಮೇಲಿಟ್ಟುಕೊಂಡು
ಕಾಣಕೋಣ ದಾಟಿ ಶಿರವಾಡದ ಸ್ಟೇಷನ್ನು ಬರುವವರೆಗೂ
ಹುಡುಗಿ ಅಲುಗಲಿಲ್ಲ.
ಬಣ್ಣ ಅಬೋಲಿ ಹೂವಿನದು, ಮಾತಂತೂ ಇಲ್ಲವೇ ಇಲ್ಲ,
ಹೆಸರೂ ಅದೇ ಆಯಿತು.

"ಸಾರಿಗೂ ಬಾರದ್ದಕ್ಕೆ ಮುನ್ನೂರು ರೂಪಾಯಿಯೆ?"
ಮಾರ್ಕೆಟ್ಟಿನಲ್ಲಿ ಬಂಗಡೆಯ ಬುಟ್ಟಿ ಖಾಲಿ ಮಾಡಿ ಬಂದ ಸುಗಂಧಾ
ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.
ಆದರೂ ನಾವು ಊಟಕ್ಕೆ ಕೂತಾಗ
ಗಾಜಿನ ಮೇಲೆ ಟವೆಲು ಇಳಿಬಿಡುವವಳು ಅವಳೇ.

ಎಪ್ರಿಲ್ಲಿನ ಒಂದು ಮಧ್ಯಾಹ್ನ
ಹೆಸ್ಕಾಂನವರು ಕರೆಂಟು ತೆಗೆದರು.
ಪಂಪಿನ ಗುಳ್ಳೆ ನಿಂತಿತು.
ಗಾಜು ಮುಟ್ಟಿದರೆ ಜ್ವರ ಬಂದವರ ಹಣೆ.
ನೀರಿನ ಮೇಲಂಚಿಗೆ ಬಂದು ಅಬೋಲಿ
ಬಾಯಿ ತೆರೆದು, ಮುಚ್ಚಿ, ತೆರೆದು,
ಒಂದೊಂದೇ ತುತ್ತು ಗಾಳಿ ತಿನ್ನುತ್ತಿತ್ತು.

ನಾನಿದ್ದೇನಲ್ಲ, ಐಸಿನವ!
ಸ್ಕೂಟರಿನ ಕಾಲ ಬಳಿ ಅರ್ಧ ಚೀಲ ಪುಡಿ ಐಸು ತಂದು
ಧಾರಾಳವಾಗಿ ಸುರಿದೆ.

ಮೀನು ಒಮ್ಮೆ ಸೆಟೆಯಿತು.
ಆಮೇಲೆ ಓರೆಯಾಗಿ ತಳದ ಕಲ್ಲಿಗೆ ಒರಗಿತು,
ಪೆಟ್ಟಿಗೆಗಳಲ್ಲಿ ನಾನು ದಿನವೂ ನೋಡುವ
ಅದೇ ಭಂಗಿಯಲ್ಲಿ.

ಪೂರ್ವಾ ಅಳಲಿಲ್ಲ. ತೋಳು ಮುಳುಗಿಸಿ
ಐಸನ್ನು ಬಾಚಿ ಬಾಚಿ ಅಂಗಳಕ್ಕೆ ಎಸೆದಳು.
ಒಂಬತ್ತು ದಿನ ನನ್ನ ಹತ್ತಿರ ಮಾತಿಲ್ಲ.
ಮನೆಯಲ್ಲಿ ಇಬ್ಬರು ಅಬೋಲಿಯರು.

ಹೇಳುವುದನ್ನೆಲ್ಲ ತಾಯಿಗೆ ಹೇಳುತ್ತಿದ್ದಳು,
ನನಗೆ ಕೇಳಿಸುವಷ್ಟು ದನಿಯಲ್ಲಿ:
ಅದಕ್ಕೆ ತಂಪು ಬೇಕು, ಹೌದು, ಆದರೆ ನಿಧಾನದ ತಂಪು,
ಗಂಟೆಗೆ ಒಂದು ಡಿಗ್ರಿ ಇಳಿದರೆ ಸಾಕು.
ಐಸು ನೀರಿಗಲ್ಲ, ಬಾಟಲಿಯೊಳಗೆ; ಬಿರಡೆ ಬಿಗಿದು, ಬಟ್ಟೆ ಸುತ್ತಿ,
ಸ್ವಲ್ಪ ಹೊತ್ತು ತೇಲಿಸಿ ತೆಗೆಯಬೇಕು.
ನಳದ ನೀರು ಔಷಧಿಯ ನಾತ ಬಿಡುವವರೆಗೆ
ಬಕೆಟ್ಟಿನಲ್ಲಿ ಒಂದು ದಿನ ಸುಮ್ಮನೆ ಕೂರಬೇಕು.
ಸೆಖೆಯಲ್ಲಿ ಕಾಳು ಕಮ್ಮಿ, ಅದೂ ನೆನೆಸಿ.
ಒಣದು ನುಂಗಿದರೆ ಒಳಗೆ ಹೋಗಿ ಉಬ್ಬುತ್ತದೆ.
"ಅದರ ಹೊಟ್ಟೆ ಅದರ ಕಣ್ಣಿನಷ್ಟೇ ಆಯೀ,
ಕೆಲವರಿಗೆ ಸುರಿಯುವುದು ಮಾತ್ರ ಗೊತ್ತು."
ವಾರಕ್ಕೊಂದು ದಿನ ಏನೂ ಹಾಕಬಾರದಂತೆ.
ಸುಗಂಧಾ ಸೋಮವಾರ ಅಂದಳು:
ಸೋಮವಾರ ನಮಗೆ ಮೀನಿಲ್ಲ,
ಮೀನಿಗೂ ಊಟವಿಲ್ಲ.

ಐದನೆಯ ದಿನ ಅದು ಎದ್ದಿತು, ನೆಟ್ಟಗಲ್ಲ.
ಹೊಟ್ಟೆ ಒಂದು ಮಗ್ಗುಲಿಗೆ ವಾಲಿ,
ನೀರು ಹೊಕ್ಕ ದೋಣಿಯ ಹಾಗೆ.
ರಾತ್ರಿ ಎರಡಕ್ಕೆ ಪಾಳಿ ಮುಗಿಸಿ ಬಂದವನು
ಒಂದೇ ಒಂದು ಬಟಾಣಿ ಬೇಯಿಸಿದೆ.
ನೂರು ಕಿಲೋದ ಐಸಿನ ಗಡ್ಡೆ ಕೊಕ್ಕೆಯಲ್ಲಿ ಎಳೆಯುವ ಕೈಗೆ
ಬಟಾಣಿಯ ಸಿಪ್ಪೆ ಸಿಗುವುದಿಲ್ಲ.
ಉಪ್ಪುನೀರಿಗೆ ಒಡೆದ ಬೆರಳು, ಬಟಾಣಿ ಜಾರಿ ಒಲೆಯ ಕೆಳಗೆ.
ಎರಡನೆಯದು ಬೇಯಿಸಿದೆ.
ಸುಲಿದೆ, ಸಾಸಿವೆಯಷ್ಟು ಸಾಸಿವೆಯಷ್ಟು ಚಿವುಟಿ ಬಿಟ್ಟೆ.
ತಿನ್ನಲಿಲ್ಲ.
ದೀಪ ಆರಿಸಿ ಕತ್ತಲಲ್ಲಿ ನಿಂತೆ.
ಆಮೇಲೆ ಚಿಕ್ಕದೊಂದು ಸದ್ದು, ಮುತ್ತಿಟ್ಟ ಹಾಗೆ.

ನಾಲ್ಕು ರಾತ್ರಿ ಹೀಗೆ.
ಒಂಬತ್ತನೆಯ ದಿನ ಬೆಳಿಗ್ಗೆ,
ಒಲೆಯ ಕೆಳಗಿನ ಒಣಗಿದ ಬಟಾಣಿ ಅಂಗೈಯಲ್ಲಿ ಹಿಡಿದು:
"ಇದು ಯಾರು?"
"ನಾನು," ಅಂದೆ.
ಅಷ್ಟೇ. ತಲೆ ತಗ್ಗಿಸಿ ಥರ್ಮಾಮೀಟರು ನೋಡಿದಳು,
ನನಗೂ ಕಾಣಲೆಂದು ಸ್ವಲ್ಪ ಸರಿದಳು.

ಈಗ ಕಂಪ್ರೆಸರಿನ ಗದ್ದಲದಲ್ಲಿ ಫೋನು ನಡುಗುತ್ತದೆ,
ರಾತ್ರಿ ಒಂಬತ್ತೂವರೆಗೆ, ತಪ್ಪದೆ.
"ಅಲ್ಲೆಷ್ಟು?"
"ಮೈನಸ್ ಹನ್ನೊಂದು. ಅಲ್ಲಿ?"
"ಇಪ್ಪತ್ತಾರೂವರೆ. ಸೋಮವಾರ ಇವತ್ತು, ನೆನಪಿದೆಯಲ್ಲ?
ಬಂದು ಏನೂ ಹಾಕಬೇಡ.
ನೋಡುವುದಾದರೆ ನೋಡು,
ಕೈ ತೊಳೆದು ಮುಟ್ಟು ಗಾಜು,
ಉಪ್ಪು ಇರ್ತದೆ."