ಒಂಬತ್ತನೆಯ ಸಲ

ಅವ್ವ ದೊಮಿತಿಲಾ ಮೊದಲ ಸಲ ಲ್ಯಾಬಿಗೆ ಬಂದದ್ದು
ಕಡಲಪಾಚಿಯ ಮೂಟೆ ಹೊತ್ತು,
ಬುಕಲೆಮುವಿನಿಂದ ಮೂರು ಬಸ್ಸು ಬದಲಿಸಿ.
ವಾಲ್ಪರೈಸೊದ ಏರುಮೆಟ್ಟಿಲ ತುಂಬ ಉಪ್ಪು ಉದುರಿತ್ತು.
ಕಾವಲುಗಾರ ಮೂಗು ಮುಚ್ಚಿಕೊಂಡ.

"ಕಿತ್ತದ್ದಲ್ಲ," ಅಂದಳು ಕೂರುವ ಮೊದಲೇ,
"ಬಿರುಗಾಳಿ ದಡಕ್ಕೆಸೆದದ್ದು.
ಬಂಡೆ ಹಿಡಿದಿರುವುದನ್ನು ನಾನು ಮುಟ್ಟುವವಳಲ್ಲ."

ಕುದಿಸಿ ಸೋಸಿ ತೆಗೆದ ಲೋಳೆಯನ್ನು ತೋರಿಸಿದೆ.
ಸಿರಿಂಜಿನಿಂದ ಹನಿ ಹನಿ
ಮೈಲುತುತ್ತದ ನೀಲಿ ನೀರಿಗೆ ಬಿಟ್ಟೆ.
ಬಿದ್ದ ಹನಿ ಬಿದ್ದಲ್ಲೇ ದುಂಡಗೆ ಕಾಳುಗಟ್ಟಿತು.
"ಅಯ್ಯೋ, ನಿನ್ನ ಗಾಜು ತತ್ತಿ ಇಟ್ಟಿತಲ್ಲೇ!"

"ಒಳಗೇನಿದೆ?"
"ತಾಮ್ರ."
ನಗು ಅಲ್ಲಿಗೇ ನಿಂತಿತು.

ತಾಮ್ರ ಅಂದರೆ ನಮ್ಮ ಮನೆಯಲ್ಲಿ ಅಪ್ಪ.
ಉತ್ತರದ ಮರುಭೂಮಿಯ ಗಣಿ;
ಹದಿನೈದು ದಿನಕ್ಕೊಮ್ಮೆ ಬಾಗಿಲಲ್ಲಿ ಬೂಟು, ಕೆಮ್ಮು.
ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಕಾಗದ.
ಆಮೇಲೆ ಅದೂ ಇಲ್ಲ.

ಗಡಿಬಿಡಿಯಲ್ಲಿ ವಿವರಿಸತೊಡಗಿದೆ:
ಹಿಡಿದುಕೊಳ್ಳುವ ಕೈಯಿಲ್ಲದ ಲೋಹದ ಕಣಗಳು
ಒಂದಕ್ಕೊಂದು ಅಂಟಿ, ಗಂಟುಗಟ್ಟಿ ಕೂತುಬಿಡುತ್ತವೆ,
ಕೆಲಸಕ್ಕೆ ಬಾರವು.
"ಸಂಬಳದ ಶನಿವಾರ ಎಲೆಉತೇರಿಯೊ, ಅವನ ಗೆಳೆಯರು,"
ಅವ್ವ ಅಂದಳು.

ಪಾಚಿಯ ಸಕ್ಕರೆಯ ಸರಪಳಿ ಅವನ್ನು ಬಿಡಿಬಿಡಿಯಾಗಿ
ಮಡಚಿದ ಅಂಗೈಯಲ್ಲಿ ಒಂದೊಂದೇ ಇಟ್ಟುಕೊಳ್ಳುತ್ತದೆ.
ಸೇರಲೊಲ್ಲದ ಎರಡು ಅಣು ಹತ್ತಿರ ಬಂದರೆ
ಸೇರಿಸಿ ಕಳಿಸಿ, ತಾನು ಇದ್ದಲ್ಲೇ ಇರುತ್ತದೆ.
ಸೋಸು, ತೊಳೆ, ಮತ್ತೆ ಹಾಕು.
"ಉಂಡು ಹೋಗದ ಮದುವೆ ದಲ್ಲಾಳಿ! ಎಷ್ಟು ಸಲ?"

ಎಂಟು ಸಲ ಚೆನ್ನ.
ಒಂಬತ್ತನೆಯ ಸಲಕ್ಕೆ ಕಾಳಿನ ನೀಲಿ ಮಾಸುತ್ತದೆ,
ತಾಮ್ರ ಸೋರುತ್ತದೆ. ನನ್ನ ನಾಲ್ಕನೆಯ ಅಧ್ಯಾಯ
ಅಲ್ಲೇ ಕೂತಿದೆ ಒಂದು ವರ್ಷದಿಂದ.
ಇನ್ನೂ ಬಿಗಿಯಾಗಿ ಕಟ್ಟು ಎನ್ನುತ್ತಾರೆ ಪ್ರೊಫೆಸರ್ ಇಟುರ್ರಿಯಾಗ;
ಬಿಗಿದರೆ ಬಂದ ಅಣು ಒಳಗೆ ಹೋಗದೆ
ಹೊಸಿಲಲ್ಲೇ ತಿರುಗುತ್ತದೆ.

ಅವ್ವ ಕೈಗವಸಿನ ಬೆರಳ ಮೇಲೆ ಒಂದು ಕಾಳು ಉರುಳಿಸಿ
ಕಿಟಕಿಗೆ ಹಿಡಿದು ನೋಡಿದಳು.
ಬಹಳ ಹೊತ್ತು.
ಏನಾದರೂ ಹೇಳುತ್ತಾಳೆಂದು ಕಾದೆ.
"ಚೀಲ ವಾಪಸು ಕೊಡು," ಅಂದಳು,
"ನಾಳೆ ಐದಕ್ಕೆ ಇಳಿತ."

ಅವಳು ಮೆಟ್ಟಿಲಿಳಿದ ಮೇಲೆ
ಒಂಬತ್ತನೆಯ ಸಲದ ನೀರನ್ನು ಚೆಲ್ಲದೆ ಸೀಸೆಗೆ ತುಂಬಿ
ಚೀಟಿ ಅಂಟಿಸಿದೆ.
ಸೋರಿದ್ದು ಎಂದು ಬರೆಯಬೇಕಿತ್ತು.
ಬಿಟ್ಟದ್ದು ಎಂದು ಬರೆದಿದ್ದೆ.
ತಿದ್ದಲಿಲ್ಲ. ದಶಲಕ್ಷಕ್ಕೆ ಎಷ್ಟು ಪಾಲು,
ಬೆಳಗ್ಗೆ ಯಂತ್ರ ಖಾಲಿಯಾದರೆ ನೋಡಬೇಕು.