ಚೀಟಿ ನಂಬರು ೧೧೭

ಬಾಗಲಕೋಟೆ, ನವನಗರ.
ಟೈರು ಅಂಗಡಿಯ ಹಿಂದೆ ಎರಡು ಖೋಲಿ.
ಹೊಸ ಫಲಕ: ರೇಡಿಯೋ ಸಂಗ್ರಹಾಲಯ.
ಅದರ ಕೆಳಗೆ ಒರೆಸಿದರೂ ಹೋಗದ ಹಳೇ ಬರಹ:
ಎಲ್ಲಾ ಕಂಪನಿಯ ಸೆಟ್ ರಿಪೇರಿ. ಉದ್ರಿ ಇಲ್ಲ.

ಟಿಕೆಟು ಕೇಳಿದೆ. ಲಾಲಸಾಬ ಗಡೇದ ನಕ್ಕರು.
"ಯಾತರ ಟಿಕೆಟ್ ತಂಗಿ, ಇವು ನನ್ನೂವಲ್ಲ.
ರಿಪೇರಿಗೆ ಕೊಟ್ಟಾರ, ಒಯ್ಯಾಕ ಬಂದಿಲ್ಲ. ಅಷ್ಟ."

ತೊಟ್ಟಿಲಷ್ಟು ದೊಡ್ಡ ವಾಲ್ವ್ ಸೆಟ್ಟು,
ಚರ್ಮದ ಅಂಗಿ ತೊಟ್ಟ ಟ್ರಾನ್ಸಿಸ್ಟರು,
ಭೋಂಗಾದ ಸಮೇತ ಯಾವುದೋ ಹಳ್ಳಿಯ ಪಂಚಾಯತಿ ರೇಡಿಯೋ.
ಅದರ ಮುಂದೆ ಕೂರಲು ಓಣಿಗೊಂದು ಜಾಗ ಇತ್ತಂತೆ,
ಒಬ್ಬರ ನೆರಳು ಇನ್ನೊಬ್ಬರಿಗೆ ತಾಗದ ಹಾಗೆ.
"ಆದರ ನಗೂದು ಮಾತ್ರ ಎಲ್ಲಾರೂ ಒಮ್ಮೆಲೆ.
ಬ್ಯಾರೆ ಬ್ಯಾರೆ ನಗಾಕ ಬರತಿದ್ದಿಲ್ಲ ನೋಡ್ರಿ."

ಪ್ರತಿ ಸೆಟ್ಟಿನ ಕಿವಿಗೂ ದಾರ, ದಾರಕ್ಕೆ ಚೀಟಿ,
ಚೀಟಿಯಲ್ಲಿ ಹೆಸರು, ಓಣಿ, ರೋಗ.
ಗರಗರ ಸಪ್ಪಳ. ಒಮ್ಮೊಮ್ಮೆ ಮೂಕ.
ಸಿಲೋನ್ ಹತ್ತುವುದಿಲ್ಲ.
ಮುಳ್ಳು ಧಾರವಾಡ ಬಿಟ್ಟು ಕದಲುವುದಿಲ್ಲ.
ಆ ಓಣಿಗಳಲ್ಲಿ ಈಗ ಹಿನ್ನೀರು.
ಊರು ಎದ್ದು ಬರುವಾಗ ಜನ ಬಾಗಿಲ ಚೌಕಟ್ಟು ಕಿತ್ತು ತಂದರು,
ತೊಲೆ ತಂದರು, ಜಗುಲಿಯ ಕಲ್ಲು ತಂದರು.
ರಿಪೇರಿಗೆ ಕೊಟ್ಟದ್ದು ಯಾರಿಗೂ ನೆನಪಾಗಲಿಲ್ಲ.
ಲಾಲಸಾಬರೇ ಟ್ರ್ಯಾಕ್ಟರು ಮಾಡಿ, ಕಣಿಕೆ ಹಾಸಿ,
ತತ್ತಿ ತಂದ ಹಾಗೆ ತಂದರು.

ನನ್ನ ಕೈಯಲ್ಲೂ ಒಂದು ಅರ್ಧ ಚೀಟಿ.
ಅವ್ವನ ಟ್ರಂಕಿನೊಳಗೆ, ರೇಡಿಯೋ ಲೈಸೆನ್ಸಿನ ಪುಸ್ತಕದಲ್ಲಿತ್ತು.
ವರ್ಷಕ್ಕೆ ಹದಿನೈದು ರೂಪಾಯಿ, ವರ್ಷಕ್ಕೊಂದು ಅಂಚೆಯ ಠಸ್ಸೆ.
ರೇಡಿಯೋ ಒಡೆದದ್ದು ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ.
ಠಸ್ಸೆ ನನ್ನ ಮದುವೆಯ ವರ್ಷದ ತನಕ ಇದೆ.
ಇಲ್ಲದ ರೇಡಿಯೋಕ್ಕೆ ಯಾಕೆ ತುಂಬಿದಳು?

ಯಾರಿಗೂ ಹೇಳದೆ ಕೋರಿಕೆಯ ಕಾರ್ಡು ಬರೆದಿದ್ದಳು.
ಒಂದು ರವಿವಾರ, ಎಲ್ಲರೂ ಉಣ್ಣುವಾಗ,
ಪೆಟ್ಟಿಗೆಯೊಳಗಿನ ಹೆಣ್ಣುದನಿ ನಿಧಾನವಾಗಿ ಓದಿತು:
ಬಾಗಲಕೋಟೆಯಿಂದ ನೀಲಗಂಗಾ ಸಂಕನ್ನವರ.
ಮನೆಯಲ್ಲಿ ಅವಳು 'ಏ', ಇಲ್ಲವೇ 'ಇಕಿ',
ಇಲ್ಲವೇ ಅಣ್ಣನ ಹೆಸರಿಗೆ ಅಂಟಿದ 'ಅವ್ವ'.
ಆ ಹೆಸರು ಯಾರದೆಂದು ನನಗೆ ಗಳಿಗೆ ಹೊತ್ತು ತಿಳಿಯಲಿಲ್ಲ.
ಅಪ್ಪನಿಗೆ ತಿಳಿಯಿತು.
ಹಾಡು ಶುರುವಾಗುವ ಮೊದಲೇ ಸೆಟ್ಟು ಅಂಗಳದಲ್ಲಿ ಬಿದ್ದಿತ್ತು.

"ಎಂಟ ದಿನದಾಗ ಮಾಡಿ ಇಟ್ಟಿದ್ದೆ," ಲಾಲಸಾಬರು ಧೂಳು ಒರೆಸಿದರು.
"ಡಯಲ್ಲಿನ ದಾರ ಹರದಿತ್ತು, ಪ್ಯಾಟ್ಯಾಗ ಸಿಗಲಿಲ್ಲ.
ಅಕ್ಕಾರು ತಮ್ಮ ಇಳಕಲ್ ಸೆರಗಿನ ಎಳಿ ಬಿಡಿಸಿ ಕೊಟ್ರು.
ನೋಡ್ರಿ, ಇನ್ನೂ ಕೆಂಪಗೇ ಐತಿ.
ಒಯ್ರಿ ಅಂದೆ. 'ಇಲ್ಲೇ ಇರಲಿ ತಮ್ಮಾ,
ಅಲ್ಲಿ ಬಾಳಂಗಿಲ್ಲ' ಅಂದ್ರು.
ಸಂತಿ ದಿನ ಬರೋರು. ಆ ಸ್ಟೂಲಿನ ಮ್ಯಾಲೆ ಕುಂಡರೋರು."

ಏನು ಕೇಳುತ್ತಿದ್ದಳು?

"ಏನ ಬಂದ್ರೂ. ಶೇಂಗಾದ ಧಾರಣಿ. ಹೊಳಿ ನೀರಿನ ಮಟ್ಟ.
ಸಾಲಿ ಹುಡುಗರ ಪಾಠ ಬಂದ್ರ
ನೆಲದ ಮ್ಯಾಲೆ ಬೆರಳಿಂದ ತ್ರಿಕೋನ ಗೀರೋರು.
ಸ್ಟೇಷನ್ ಮುಚ್ಚಿದ್ರೂ ಏಳತಿದ್ದಿಲ್ಲ,
ಸೊಂಯ್ ಅನ್ನೂದು ಕೇಳಕೋತ ಕುಂತಿರೋರು."

ಸಂತೆಯಿಂದ ಅವ್ವ ಯಾವಾಗಲೂ ತಡ.
ತಂದ ಮೆಂತ್ಯೆಪಲ್ಲೆ ಬಾಡಿರುತ್ತಿತ್ತು.
ಆರಿಸಾಕ ಬರೂದಿಲ್ಲ ಇಕಿಗೆ, ಅನ್ನುತ್ತಿದ್ದ ಅಪ್ಪ.
ನಾವು ಮಕ್ಕಳೂ ಅದನ್ನೇ ಅಂದೆವು, ಅವಳಿಗೆ ಕೇಳುವ ಹಾಗೆ,
ಎಷ್ಟೋ ವರ್ಷ.

ಬಾಕಿ ಎಷ್ಟು, ಕೇಳಿದೆ.
ಚೀಟಿಗೆ ಚೀಟಿ ಜೋಡಿಸಿ ನೋಡಿದರು: ಏಳು ರೂಪಾಯಿ.
ಹತ್ತರ ನೋಟು ಕೊಟ್ಟೆ.
ಗುಂಡಿ ತಿರುವಿದರು. ಕೆಂಪು ಎಳೆ ಬಿಗಿಯಿತು,
ಮುಳ್ಳು ನಡುಗುತ್ತ ಧಾರವಾಡ ದಾಟಿ
ಯಾವ ಊರೂ ಇಲ್ಲದ ಜಾಗದಲ್ಲಿ ನಿಂತು
ಸೊಂಯ್ ಅಂತು.

ಮೂರು ರೂಪಾಯಿ ಚಿಲ್ಲರೆ ಹುಡುಕಲು
ಲಾಲಸಾಬರು ಒಳಗಿನ ಖೋಲಿಗೆ ಹೋದರು.
ಬಹಳ ಹೊತ್ತು ಹೊರಗೆ ಬರಲಿಲ್ಲ.